ಕಸಬರಗಿಯ ವಾರಸು

ಕಾಳವ್ವನ ಮೈ ಕಸ ಗುಡಿಸಲಿಕ್ಕೆ ಲಾಯಕ್ಕಿಲ್ಲ ಎಂದು ಮುನ್ಸಿಪಾಲ್ಟಿಯ ಡಾಕ್ಟರು ಬರೆದುಕೊಟ್ಟ. ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಕೆಯ ಮುಖ ಮಾತ್ರ ನೋಡಲಿಲ್ಲ. 'ಅನ್‌ಫಿಟ್' ಎಂದು ಗೀಚಿ ಠಸ್ಸೆ ಹೊಡೆದ. ಆವತ್ತು ಬೆಳಿಗ್ಗೆ ಕೂಡ ಆಕೆ ಮುಂಬಯಿ ಹತ್ತಿರದ ವಿಠ್ಠಲವಾಡಿ ಸ್ಟೇಷನ್ನಿನ ಹೊರಗಿನ ರಸ್ತೆಯನ್ನು ಆ ತುದಿಯಿಂದ ಈ ತುದಿಯವರೆಗೆ ಗುಡಿಸಿಯೇ ಬಂದಿದ್ದಳು. ಹದಿನಾರು ವರ್ಷದಿಂದ ಗುಡಿಸುತ್ತಿದ್ದಳು. ಗುತ್ತಿಗೆ ಹಿಡಿದ ಠೇಕೇದಾರನ ಕೈಕೆಳಗೆ. ರಜೆ ಇಲ್ಲ, ಕೈಗವಸು ಇಲ್ಲ. ಠೇಕೇದಾರನ ಕಸಕ್ಕೆ ಫಿಟ್ ಇದ್ದ ಮೈ ಸರಕಾರದ ಕಸಕ್ಕೆ ಅನ್‌ಫಿಟ್ ಆಯಿತು. ಕಸ ಅದೇ, ರಸ್ತೆ ಅದೇ. ಇದನ್ನು ಯಾರ ಹತ್ತಿರ ಹೋಗಿ ಕೇಳುವುದು?

ಗಂಡ ಯಂಕಣ್ಣ ಪರ್ಮನೆಂಟ್ ಸಫಾಯಿಯವನಾಗಿದ್ದ. ಹೋದ ವರ್ಷ, ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ, ಕಟ್ಟಿಕೊಂಡ ಗಟಾರಕ್ಕೆ ಅವನನ್ನು ಇಳಿಸಿದರು. ಕೊರಳಮಟ ಹೊಲಸು ನೀರು. ಕಾಲಲ್ಲಿ ಹಸಿ ಗಾಯ. ನಾಲ್ಕನೆಯ ದಿನ ಜ್ವರ, ಆರನೆಯ ದಿನ ಕಣ್ಣು ಹಳದಿ, ಹತ್ತನೆಯ ದಿನ ಹೆಣ. ಆಸ್ಪತ್ರೆಯ ಕಾಗದದಲ್ಲಿ ಕಾಮಾಲೆ ಎಂದು ಬರೆದರು. ಗಟಾರ ಎಂದು ಯಾರೂ ಬರೆಯಲಿಲ್ಲ.

ಸಫಾಯಿಯವನು ಸತ್ತರೆ ಅವನ ಕೆಲಸ ವಾರಸುದಾರರಿಗೆ ಸಿಗುತ್ತದೆ. ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹಾಕದಿದ್ದರೆ ಕೆಲಸವೂ ಹೋಯಿತು, ಇರುವ ಕ್ವಾರ್ಟರ್ಸಿನ ಖೋಲಿಯೂ ಹೋಯಿತು. ವಾರಸುದಾರ ಎಷ್ಟೇ ಓದಿರಲಿ, ಕೈಗೆ ಕೊಡುವುದು ಅದೇ ಕಸಬರಗಿ. ತಹಶೀಲ್ದಾರ ಸತ್ತರೆ ಅವನ ಮಗ ಅದೇ ಕುರ್ಚಿಯಲ್ಲಿ ಕೂರುವುದಿಲ್ಲ. ಡಾಕ್ಟರು ಸತ್ತರೆ ಅವನ ಮಗಳ ಕೊರಳಿಗೆ ಯಾರೂ ಸ್ಟೆತಸ್ಕೋಪು ಹಾಕುವುದಿಲ್ಲ. ಈ ಊರಲ್ಲಿ ಗಟಾರ ಒಂದೇ ಅಪ್ಪನಿಂದ ಮಕ್ಕಳಿಗೆ ಬರುವ ಆಸ್ತಿ. ಇದಕ್ಕೆ ಹಕ್ಕು ಎಂದು ಬೇರೆ ಹೆಸರಿಟ್ಟಿದ್ದಾರೆ!

"ನಾನೇ ನಿಂದರ್ತೀನಿ," ಎಂದಿದ್ದಳು ಕಾಳವ್ವ. "ನನ್ನ ಮೈ ಹೆಂಗಿದ್ರೂ ಅದರಾಗೇ ಸವದದ. ಇನ್ನಷ್ಟು ಸವೀಲಿ. ನೇತ್ರಾ ಓದ್ಲಿ."

ಡಾಕ್ಟರನ ಠಸ್ಸೆ ಆ ದಾರಿ ಮುಚ್ಚಿತು. ಇನ್ನು ವಾರಸು ಎಂದರೆ ಒಬ್ಬಳೇ. ಇಪ್ಪತ್ತು ವರ್ಷದ ಮಗಳು ನೇತ್ರಾ.

ನೇತ್ರಾ ಕಲ್ಯಾಣದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಪಾಸಾಗಿದ್ದಳು. ಮೂರನೆಯ ವರ್ಷಕ್ಕೆ ಒಂದು ವಿಷಯ ಹಿಡಿಯಬೇಕು, ಉಳಿದದ್ದು ಬಿಡಬೇಕು. ಕೆಮಿಸ್ಟ್ರಿ ಇಲ್ಲವೇ ಮೈಕ್ರೋಬಯಾಲಜಿ. ಹಿಡಿದದ್ದೇ ಮುಂದಿನ ದಾರಿ. ಫಾರ್ಮ್ ಕೊಡಲು ಮುಂದಿನ ವಾರದ ಶುಕ್ರವಾರ ನಾಲ್ಕು ಗಂಟೆ ಕೊನೆ. ಆಕೆ ಫಾರ್ಮಿನ ಮೂಲೆಗೆ ಫೋಟೊ ಅಂಟಿಸಿ, ವಿಷಯದ ಜಾಗ ಖಾಲಿ ಬಿಟ್ಟು, ದೇವರ ಗೂಡಿನಲ್ಲಿ ಅಪ್ಪನ ಫೋಟೊದ ಹಿಂದೆ ಇಟ್ಟಿದ್ದಳು. ಅಲ್ಲಿಯ ತನಕ ಓದಿದ್ದು ಸುಮ್ಮನೆ ಆಗಿರಲಿಲ್ಲ. ಸ್ಕಾಲರ್‌ಶಿಪ್ ಕೇಳಲು ಹೋದಾಗ ಕಲಬುರ್ಗಿ ಜಿಲ್ಲೆಯ ಜಾತಿ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ, ಇದು ನಮ್ಮ ರಾಜ್ಯದ ಜಾತಿಯಲ್ಲ ಎಂದು ವಾಪಸು ಕೊಟ್ಟಿದ್ದರು. ಯಂಕಣ್ಣನನ್ನು ಗಟಾರಕ್ಕೆ ಇಳಿಸುವಾಗ ಮಾತ್ರ ನೀನು ಯಾವ ರಾಜ್ಯದ ಮಾದಿಗ ಎಂದು ಒಬ್ಬರೂ ಕೇಳಿರಲಿಲ್ಲ.

ಅಪ್ಪ ಸತ್ತ ಹದಿನೈದು ದಿನಕ್ಕೆ ನೇತ್ರಾ ಅದೇ ಗಟಾರದ ನೀರನ್ನು ಸಣ್ಣ ಬಾಟಲಿಯಲ್ಲಿ ತುಂಬಿಕೊಂಡು ಕಾಲೇಜಿಗೆ ಹೋಗಿದ್ದಳು. ಸಂಜೆ ಬಂದವಳು ಊಟ ಮಾಡಲಿಲ್ಲ.

"ಅವ್ವಾ, ಆ ನೀರಾಗ ಜೀವ ಅವ. ಕಣ್ಣಿಗಿ ಕಾಣಂಗಿಲ್ಲ. ಲ್ಯಾಬಿನ ದುರ್ಬೀನಿನಾಗ ನೋಡಿದೆ, ತಿರಗ್ಲಿಕ್ಕತ್ತಿದ್ವು. ಅಪ್ಪನ್ನ ತಿಂದದ್ದು ಅಂಥದ್ದೇ ಯಾವುದೋ. ಮುಝೆ ವಹೀ ಪಢ್ನಾ ಹೈ, ಅದನ್ನೇ ಓದಾಕಿ ನಾ. ಯಾವುದು ತಿಂತು ಅಂತ ನಂಗ ಗೊತ್ತಾಗಬೇಕು."

ಕಾಳವ್ವನಿಗೆ ದುರ್ಬೀನು ತಿಳಿಯಲಿಲ್ಲ. ಮಗಳ ದನಿಯೊಳಗಿನ ಹಟ ತಿಳಿಯಿತು. ಆವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಇವಳ ಕೈಗೆ ಕಸಬರಗಿ ಬರಬಾರದು.

ಕಾಳವ್ವ ವಾರಕ್ಕೆರಡು ಸಲ ಡೊಂಬಿವಲಿಯ ಕನ್ನಡ ಸ್ನೇಹಕೂಟದ ಹಾಲ್ ತೊಳೆಯಲು ಹೋಗುತ್ತಿದ್ದಳು. ಅದರ ಕಾರ್ಯದರ್ಶಿ ಹಯಗ್ರೀವ ರಾಯರು, ಮೈಸೂರಿನವರು, ಬ್ಯಾಂಕಿನಲ್ಲಿ ರಿಟೈರಾದವರು. ಡಾಕ್ಟರು ಠಸ್ಸೆ ಹೊಡೆದ ವಾರವೇ ಅವರು ಹೇಳಿದರು:

"ಕಾಳವ್ವ, ಭಾನುವಾರ ಹಾಲ್ ಫಳಫಳ ಅನ್ನಬೇಕು ನೋಡು. ಕಾಲೇಜು ಮಕ್ಕಳಿಗೆ ಶಿಬಿರ ಇಟ್ಕೊಂಡಿದೀವಿ. ಯಾವ ಸಬ್ಜೆಕ್ಟ್ ತಗೋಬೇಕು, ಮುಂದೆ ಏನಾಗಬೇಕು, ಎಲ್ಲಾ ಎಕ್ಸ್‌ಪರ್ಟು ಹೇಳ್ತಾರೆ. ಒಬ್ಬೊಬ್ಬರನ್ನೂ ಕೂರಿಸಿ ಬರೆದುಕೊಡ್ತಾರೆ."

ನೆಲ ಒರೆಸುತ್ತಿದ್ದ ಕಾಳವ್ವನ ಕೈ ನಿಂತಿತು.

ಬರೆದುಕೊಡುತ್ತಾರೆ. ಆಕೆಯ ಬದುಕಿನಲ್ಲಿ ಬರೆದದ್ದೇ ನಿಜ. ಮುಕಾದಮ ಹಾಜರಿ ಪುಸ್ತಕದಲ್ಲಿ ಬರೆದರೆ ಆಕೆ ಕೆಲಸಕ್ಕೆ ಬಂದ ಹಾಗೆ. ಬರೆಯದಿದ್ದರೆ ಸೊಂಟ ಬೀಳುವ ತನಕ ಗುಡಿಸಿದ್ದರೂ ಬರದ ಹಾಗೆ. ಆಸ್ಪತ್ರೆಯವರು ಕಾಮಾಲೆ ಎಂದು ಬರೆದರು, ಗಟಾರ ತಪ್ಪಿಸಿಕೊಂಡಿತು. ಡಾಕ್ಟರು ಅನ್‌ಫಿಟ್ ಎಂದು ಬರೆದ, ಆಕೆ ಅನ್‌ಫಿಟ್ ಆದಳು. ಹಾಗಿದ್ದ ಮೇಲೆ ಯಾರೋ ದೊಡ್ಡ ಸಾಹೇಬ ನೇತ್ರಾಳ ಹೆಸರಿನ ಮುಂದೆ ಮೈಕ್ರೋಬಯಾಲಜಿ ಎಂದು ಬರೆದು ಸಹಿ ಮಾಡಿದರೆ? ಆ ಕಾಗದ ತೋರಿಸಿದರೆ ಮುನ್ಸಿಪಾಲ್ಟಿಯವರೂ ಕಸಬರಗಿ ಹಿಡಿ, ಇಲ್ಲ ಖೋಲಿ ಬಿಡು ಎನ್ನದೆ ಬಾಯಿ ಮುಚ್ಚಿಕೊಂಡಿರಬೇಕಲ್ಲ? ಆಕೆಗೆ ಹಾಗೇ ಅನಿಸಿತು. ನಗಬೇಡಿ. ಹದಿನಾರು ವರ್ಷ ಇನ್ನೊಬ್ಬರ ಪೆನ್ನಿನ ತುದಿಯಲ್ಲಿ ಬದುಕಿದವಳಿಗೆ ಬೇರೆ ಏನು ಅನಿಸಬೇಕು?

"ನಮ್ಮ ಹುಡಿಗಿನೂ ಬರಬೋದ್ರಿ ಸಾಹೇಬ್ರ?"

"ಅಯ್ಯೋ, ಧಾರಾಳವಾಗಿ ಬರ್ಲಿ. ನಮ್ಮಲ್ಲಿ ಭೇದ ಇಲ್ಲಮ್ಮ."

ಮನೆಯಲ್ಲಿ ನೇತ್ರಾ ಬೇಡವೆಂದಳು. "ಅವ್ವಾ, ವೈಸಾ ನಹೀ ಹೋತಾ. ಹಂಗೇನ ಆಗಂಗಿಲ್ಲ. ಬರೀ ಸಲಹೆ ಕೊಡ್ತಾರ ಅವರು."

"ನೀ ಸುಮ್ಕಿರು. ಬರದು ಕೊಡ್ತಾರಂತ. ರಾಯರೇ ಹೇಳ್ಯಾರ."

ಭಾನುವಾರ ಕಾಳವ್ವ ಆರು ಗಂಟೆಗೆ ಹೋಗಿ ಹಾಲ್ ತೊಳೆದಳು. ಕುರ್ಚಿ ಒರೆಸಿದಳು. ಕಕ್ಕಸು ತಿಕ್ಕಿದಳು. ಒಂಬತ್ತಕ್ಕೆ ನೇತ್ರಾ ನೀಲಿ ಚೂಡಿದಾರ ಹಾಕಿಕೊಂಡು ಬಂದಳು. ಬಂದವರಿಗೆಲ್ಲ ಒಂದು ಸಣ್ಣ ಪರೀಕ್ಷೆ ಬರೆಸಿ ಸರದಿಯ ಚೀಟಿ ಕೊಟ್ಟರು. ನೇತ್ರಾಳದ್ದು ಏಳನೆಯ ನಂಬರು. ಏಳನೆಯ ನಂಬರು ಬಂದಾಗ ರಾಯರು, "ಇವರು ದೂರದ ಪನ್ವೇಲ್ ಕಡೆಯಿಂದ ಬಂದಿದಾರೆ, ಅವರದ್ದು ಮುಗಿದುಬಿಡ್ಲಿ. ನೀವು ಇಲ್ಲೇ ಇರೋರು ತಾನೆ?" ಎಂದರು. ಆಮೇಲೆ ಠಾಣೆ ಊರಿನವರು ಬಂದರು. ಆಮೇಲೆ ತಿಂಡಿಯ ಹೊತ್ತಾಯಿತು. ನೇತ್ರಾ ಕುರ್ಚಿಯಲ್ಲಿ ಕೂತೇ ಇದ್ದಳು. ರೇಷ್ಮೆ ಸೀರೆಯ ಒಬ್ಬಾಕೆ ತಿಂದ ತಟ್ಟೆಯನ್ನು ಹಿಡಿದುಕೊಂಡು ಅತ್ತಿತ್ತ ನೋಡಿ, ನೆಟ್ಟಗೆ ಬಂದು ನೇತ್ರಾಳ ಕೈಗೆ ಕೊಟ್ಟಳು. "ಸ್ವಲ್ಪ ಇದನ್ನ ಇಟ್ಟುಬಿಡಮ್ಮ. ಕಾಳವ್ವನ ಮಗಳಲ್ವಾ ನೀನು?"

ನೇತ್ರಾ ತಟ್ಟೆ ಹಿಡಿದುಕೊಂಡು ಎದ್ದಳು. ಹಿಂದಿನಿಂದ ಇನ್ನೆರಡು ತಟ್ಟೆ ಬಂದವು. ಯಾರೋ ಸಾಂಬಾರು ಚೆಲ್ಲಿದರು. ಕಾಳವ್ವ ಓಡಿ ಬಂದು ಮಗಳ ಕೈಯಿಂದ ತಟ್ಟೆಗಳನ್ನು ಕಿತ್ತುಕೊಂಡಳು. "ಕೂಡು ಹೋಗು," ಎಂದು ಹಲ್ಲು ಕಚ್ಚಿ ಹೇಳಿದಳು. "ನೀ ಕುರ್ಚಿ ಬಿಟ್ಟು ಏಳಬ್ಯಾಡ." ಆಮೇಲೆ ಮೊಣಕಾಲೂರಿ ಸಾಂಬಾರು ಒರೆಸಿದಳು. ಎದೆಯಲ್ಲಿ ಗೊರಗೊರ ಸದ್ದು. ಕೆಮ್ಮು ಬಂದರೆ ಅಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆಂದು ಸೆರಗು ಬಾಯಿಗೆ ತುರುಕಿಕೊಂಡಳು.

ಒರೆಸುತ್ತಿದ್ದದ್ದು ಎಕ್ಸ್‌ಪರ್ಟರ ಮೇಜಿನ ಪಕ್ಕದಲ್ಲಿಯೇ. ಅವರ ಹೆಸರು ಜಯಂತ್. ಬೆಂಗಳೂರಿನವರು, ಈಗ ನವಿ ಮುಂಬಯಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಲ್ಯಾಪ್‌ಟಾಪಿನಲ್ಲಿ ಹೆಸರು ಬರೆದುಕೊಳ್ಳಲು ಮಗಳು ಮಾನ್ಯಾ ಪಕ್ಕಕ್ಕೆ ಕೂತಿದ್ದಳು. ಎದುರಿಗೆ ಪ್ರಕೃತಿ ಎಂಬ ಹುಡುಗಿ ಮತ್ತು ಅವಳ ಅಪ್ಪ. ಹುಡುಗಿಗೆ ಸೈಕಾಲಜಿ ಬೇಕು. ಅಪ್ಪನಿಗೆ ಅವಳು ತನ್ನ ಆಫೀಸಿಗೇ ಸೇರಬೇಕು, ಕೆಲಸ ತಯಾರಿದೆ.

"ಸರ್, ತಪ್ಪು ತಿಳ್ಕೋಬೇಡಿ," ಎಂದರು ಜಯಂತ್. "ಕೈಗೆ ಸುಲಭವಾಗಿ ಸಿಗೋದನ್ನ ಹಿಡ್ಕೊಂಡ್ರೆ ಮಕ್ಕಳು ಜೀವನಪೂರ್ತಿ ಅದರಲ್ಲೇ ಕೊಳೀತಾರೆ. ಅಪ್ಪನ ಕೆಲಸ ಅಪ್ಪಂದು. ಮಗು ಮನಸ್ಸು ಏನು ಕೇಳುತ್ತೆ, ಅದನ್ನ ಓದಿಸಿ."

ಕಾಳವ್ವ ನೆಲದ ಮೇಲಿಂದ ತಲೆಯೆತ್ತಿ ನೋಡಿದಳು. ಎಂಥ ಮಾತು! ದೇವರಂಥ ಮನುಷ್ಯ. ಆ ಮಾತನ್ನು ಅಕ್ಷರ ಅಕ್ಷರ ನೆನಪಿಟ್ಟುಕೊಂಡಳು.

ಒಂದೂವರೆಗೆ ನೇತ್ರಾಳ ಸರದಿ. ಕಾಳವ್ವ ಕೈ ಒರೆಸಿಕೊಂಡು ಕುರ್ಚಿಯ ಹಿಂದೆ ನಿಂತಳು. ಬೆಳಿಗ್ಗೆ ಬರೆಸಿದ್ದ ಪರೀಕ್ಷೆಯ ಹಾಳೆ ನೋಡಿ ಜಯಂತರ ಹುಬ್ಬು ಮೇಲೇರಿತು.

"ಅರೆ, ಇವತ್ತು ಬಂದವರಲ್ಲಿ ಹೈಯೆಸ್ಟು ನೀನೇ! ಸೈನ್ಸ್ ತಲೆ ಇದು. ಮೈಕ್ರೋಬಯಾಲಜಿ ತಗೋ. ಆಮೇಲೆ ಎಂ.ಎಸ್ಸಿ. ರಬಾಳೆ ಕಡೆ ಲ್ಯಾಬುಗಳಿವೆ..." ಎನ್ನುತ್ತ ಹಾಳೆ ತಿರುಗಿಸಿದರು. "ತಂದೆ ಉದ್ಯೋಗ... ಮುನ್ಸಿಪಾಲ್ಟಿನಾ? ಸರ್ವೀಸಲ್ಲಿ ಇದ್ದಾಗಲೇ ತೀರಿಕೊಂಡ್ರಾ?"

"ಹೌದು ಸರ್."

"ಹಾಗಾದ್ರೆ ನಿನಗೆ ಕೆಲಸ ಬರಬೇಕಲ್ಲ?"

"ಬರುತ್ತೆ ಸರ್. ವಾರಸಾ ಹಕ್ಕಿನಲ್ಲಿ. ಸಫಾಯಿ ಕೆಲಸ."

ಜಯಂತ್ ಕುರ್ಚಿಗೆ ಒರಗಿದರು. ಮುಖದಲ್ಲಿ ನಿಜವಾದ ಸಂತೋಷ ಇತ್ತು. ಅದೇ ನೋಡಿ ಹೊಟ್ಟೆ ಉರಿಯುವ ಸಂಗತಿ. ಆ ಮನುಷ್ಯನಲ್ಲಿ ಕೆಟ್ಟತನ ಇರಲಿಲ್ಲ.

"ಮೊದಲೇ ಹೇಳಬಾರದೇನಮ್ಮ! ಪರ್ಮನೆಂಟ್ ಗೌರ್ಮೆಂಟ್ ಕೆಲಸ! ಕ್ವಾರ್ಟರ್ಸು, ಆಸ್ಪತ್ರೆ, ಎಲ್ಲಾ ಇರುತ್ತೆ. ಎಂ.ಎಸ್ಸಿ. ಮಾಡಿದ ಹುಡುಗರು ಕೆಲಸ ಇಲ್ಲದೆ ಅಲೀತಿದಾರೆ. ಕಣ್ಣುಮುಚ್ಚಿ ಒಪ್ಕೋ. ಬೇಕಾದ್ರೆ ಕರೆಸ್ಪಾಂಡೆನ್ಸಲ್ಲಿ ಬಿ.ಎ. ಮಾಡ್ಕೋ."

"ಸಾಹೇಬ್ರ, ಅದು ಕಸಬರಗಿ ಕೆಲಸರಿ," ಎಂದಳು ಕಾಳವ್ವ.

"ಕೆಲಸದಲ್ಲಿ ಮೇಲು ಕೀಳು ಇಲ್ಲಮ್ಮ."

"ಆಗಲೇ ಆ ಹುಡಿಗಿಗಿ ಹಂಗ ಹೇಳಲಿಲ್ಲಲ್ರಿ ನೀವು. ಸುಲಭ ಸಿಗೋದು ಹಿಡದ್ರ ಕೊಳೀತಾರ ಅಂದ್ರಿ. ಅಪ್ಪನ ಕೆಲಸ ಅಪ್ಪಂದು ಅಂದ್ರಿ. ನಾ ಇಲ್ಲೇ ನೆಲ ಒರಸ್ಲಿಕ್ಕತ್ತಿದ್ದೆ."

ಜಯಂತ್ ನೀರು ಕುಡಿದರು. "ಅವರ ಪರಿಸ್ಥಿತಿ ಬೇರೆ, ನಿಮ್ಮ ಪರಿಸ್ಥಿತಿ ಬೇರೆ. ಪ್ರಾಕ್ಟಿಕಲ್ ಆಗಿ ಯೋಚನೆ ಮಾಡಬೇಕು."

"ಕೆಲಸದಾಗ ಮೇಲು ಕೀಳು ಇಲ್ಲಂದ್ರ ನಿಮ್ಮ ಮಗಳ ಹೆಸರು ಬರೀರಿ. ನಮ್ಮಾಕಿದು ಬ್ಯಾಡ."

ಮಾನ್ಯಾ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಹಯಗ್ರೀವ ರಾಯರು ಓಡಿ ಬಂದರು. "ಕಾಳವ್ವ! ಯಾರ ಹತ್ರ ಮಾತಾಡ್ತಿದೀಯ ಅನ್ನೋ ಜ್ಞಾನ ಇದೆಯಾ?" ಎಂದರು.

ನೇತ್ರಾ ತಾಯಿಯ ಸೆರಗು ಎಳೆದಳು. ಆದರೆ ಕಾಳವ್ವನಿಗೆ ಜಗಳ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಬರವಣಿಗೆ. ದನಿ ತಗ್ಗಿಸಿ ಕೈ ಮುಗಿದಳು.

"ತಪ್ಪಾತ್ರಿ. ಒಂದ ಮಾತು ಬರದು ಕೊಡ್ರಿ ಸಾಕು. ಈಕಿಗಿ ಮೈಕ್ರೋಬಯಾಲಜಿ ಅಂತ. ಕೆಳಗ ಸಹಿ ಮಾಡ್ರಿ. ನಾ ಆಫೀಸಿನಾಗ ತೋರಸ್ತೀನಿ. ಕಾಲು ಬೀಳ್ತೀನಿ."

ಜಯಂತರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ದನಿ ಮೆತ್ತಗಾಯಿತು. "ಅಮ್ಮ, ನಾನು ಬರೆದ್ರೆ ಏನೂ ಆಗಲ್ಲ. ಇದು ಬರೀ ಗೈಡೆನ್ಸು. ಈ ಹಾಳೆಗೆ ಯಾವ ಆಫೀಸಲ್ಲೂ ಬೆಲೆ ಇಲ್ಲ."

ಬೆಲೆ ಇಲ್ಲ! ಹಾಗಾದರೆ ಬೆಳಗಿನಿಂದ ಇವರೆಲ್ಲ ಸಾಲು ನಿಂತದ್ದು ಯಾಕೆ? ಕಾಳವ್ವ ಸುತ್ತ ನೋಡಿದಳು. ಬೆಲೆಯಿಲ್ಲದ ಹಾಳೆಗಳನ್ನು ಮಡಚಿ, ಜೋಪಾನವಾಗಿ ಬ್ಯಾಗಿನಲ್ಲಿಟ್ಟುಕೊಂಡು, ನಗುತ್ತ ಎಲ್ಲರೂ ಹೊರಡುತ್ತಿದ್ದರು. ಅವರು ಇಲ್ಲಿಂದ ಹೊರಟರೆ ಹಾಳೆಯಲ್ಲಿ ಬರೆದದ್ದು ನಡೆಯುತ್ತದೆ. ನಡೆಸಲು ಅವರ ಮನೆಗಳಿವೆ, ಅಪ್ಪಂದಿರಿದ್ದಾರೆ. ಹಾಳೆಗೆ ಬೆಲೆ ಇಲ್ಲದ್ದು ಇವರಿಬ್ಬರಿಗೆ ಮಾತ್ರ.

ಕೊನೆಗೆ ಭಾಷಣವಾಯಿತು. ನಮ್ಮ ಶಿಬಿರಕ್ಕೆ ಬಂದ ಒಬ್ಬ ಹೆಣ್ಣುಮಗಳಿಗೆ ಇಪ್ಪತ್ತನೇ ವಯಸ್ಸಿಗೇ ಸರಕಾರಿ ಕೆಲಸ ಆಗುತ್ತಿದೆ, ಅವಳಿಗೊಂದು ಚಪ್ಪಾಳೆ ಎಂದರು ರಾಯರು. ಎಲ್ಲರೂ ತಟ್ಟಿದರು. ಯಾವ ಕೆಲಸವೆಂದು ರಾಯರು ಹೇಳಲಿಲ್ಲ. ನೇತ್ರಾ ಎದ್ದು ನಿಂತು ಕೈ ಜೋಡಿಸಬೇಕಾಯಿತು. ಬಾಗಿಲಲ್ಲಿ ಬಕೇಟು ಹಿಡಿದು ನಿಂತಿದ್ದ ಕಾಳವ್ವ ಮಗಳ ಮುಖ ನೋಡಲಾರದೆ ನೆಲ ನೋಡಿದಳು. ನೆಲ ಮತ್ತೆ ಹೊಲಸಾಗಿತ್ತು.

ತಾಯಿ ಮಗಳು ರೈಲು ಹಿಡಿದು ಖೋಲಿಗೆ ಮರಳಿದರು.

ಸೋಮವಾರ ಪಕ್ಕದ ಖೋಲಿಯ ಚಂದ್ರಬಾಯಿ ಬಂದು ಹೊಸ್ತಿಲಲ್ಲಿ ಕೂತಳು. ಅವಳೂ ಕಲಬುರ್ಗಿ ಕಡೆಯವಳೇ, ಮೂವತ್ತು ವರ್ಷದಿಂದ ಕಸಬರಗಿ ಹಿಡಿದವಳು. ಅವಳ ಮಗ ಶಿವರಾಜ ಬಿ.ಕಾಂ. ಮುಗಿಸಿ ಅಪ್ಪನ ವಾರಸಿನಲ್ಲಿ ಕಸ ಹೊರುವ ಕಚರಾ ಗಾಡಿಗೆ ಸೇರಿದ್ದ.

"ಹಟ ಮಾಡಬ್ಯಾಡ ತಂಗಿ. ನಮ್ಮ ಶಿವ್ಯಾನೂ ಮೊದಲ ಅತ್ತ. ಬಿ.ಕಾಂ. ಸರ್ಟಿಫಿಕೇಟ್ ಪೆಟ್ಟಿಗಿ ತಳಕ್ಕ ಹಾಕಿದ. ಈಗ ಅಳಂಗಿಲ್ಲ."

"ಈಗ ಏನ್ಮಾಡ್ತಾನ?"

"ಕುಡೀತಾನ," ಎಂದಳು ಚಂದ್ರಬಾಯಿ. ಆಮೇಲೆ ತಾನೇ ಮುಂದುವರಿಸಿದಳು. "ಆದ್ರ ತಲಿ ಮ್ಯಾಲೆ ಸೂರು ಅದ ನೋಡು. ನಿನ್ನ ಖೋಲಿ ಹೋದ್ರ ಈ ಎದಿ ಇಟಗೊಂಡು ನೀ ಎಲ್ಲಿ ಬೀಳಾಕಿ? ಫೂಟ್‌ಪಾತ್ ಮ್ಯಾಲೇನು? ಆ ಹುಡಿಗಿ ಹೊರಗ ಮಲಗ್ತಾಳೇನು?"

ಒಳಗೆ ಸ್ಟೋವಿನ ಮುಂದೆ ಕೂತಿದ್ದ ನೇತ್ರಾ ಎಲ್ಲವನ್ನೂ ಕೇಳಿಸಿಕೊಂಡಳು. ಬುಧವಾರ ಮುನ್ಸಿಪಾಲ್ಟಿಯ ಡಾಕ್ಟರನ ಹತ್ತಿರ ತಾನೊಬ್ಬಳೇ ಹೋಗಿ ಬಂದಳು. ಎದೆಯ ಎಕ್ಸ್‌ರೇ ಚೊಕ್ಕಟವಾಗಿತ್ತು. ನೇತ್ರಾ ಫಿಟ್ ಎಂದು ಠಸ್ಸೆ ಬಿತ್ತು.

ಶುಕ್ರವಾರ ಹನ್ನೊಂದಕ್ಕೆ ತಾಯಿ ಮಗಳು ಇಬ್ಬರನ್ನೂ ಮುನ್ಸಿಪಾಲ್ಟಿಯ ಆಫೀಸಿಗೆ ಬರಹೇಳಿದ್ದರು. ಮೂರೂವರೆಯ ತನಕ ಬೆಂಚಿನ ಮೇಲೆ ಕೂರಿಸಿದರು. ನೇತ್ರಾಳ ಬ್ಯಾಗಿನಲ್ಲಿ ಕಾಲೇಜಿನ ಫಾರ್ಮ್ ಇತ್ತು. ದೇವರ ಗೂಡಿನಿಂದ ತೆಗೆದು ತಂದಿದ್ದಳು. ಯಾಕೆ ತಂದಳೋ, ಆಕೆಗೂ ಗೊತ್ತಿರಲಿಲ್ಲ. ಆಗಾಗ ಗೋಡೆಯ ಗಡಿಯಾರ ನೋಡುತ್ತಿದ್ದಳು.

ಕೊನೆಗೆ ಕ್ಲಾರ್ಕು ಕರೆದ. ಮರಾಠಿಯಲ್ಲಿ ಟೈಪು ಮಾಡಿದ ಒಂದು ಕಾಗದ ಮುಂದೆ ತಳ್ಳಿದ. ಸತ್ತವನ ಹೆಂಡತಿಯಾದ ನನ್ನ ತಕರಾರು ಏನೂ ಇಲ್ಲ, ನನ್ನ ಮಗಳಿಗೆ ಈ ಕೆಲಸ ಕೊಡಬೇಕು ಎಂದಿತ್ತು ಅದರಲ್ಲಿ. ನೇತ್ರಾ ಓದಿ ಹೇಳಿದಳು.

"ಸಹೀ ಕರಾ, ಮಾವಶೀ," ಎಂದ ಕ್ಲಾರ್ಕು.

ಕಾಳವ್ವನಿಗೆ ಹೆಸರು ಬರೆಯಲು ಬರುತ್ತಿತ್ತು. ನೇತ್ರಾ ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಖೋಲಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿಸಿ ಕಲಿಸಿದ್ದಳು. ಆವತ್ತಿನಿಂದ ಎಲ್ಲಿ ಕೇಳಿದರೂ ಕಾಳವ್ವ ಹೆಬ್ಬೆಟ್ಟು ಒತ್ತಿರಲಿಲ್ಲ. ಹೆಸರೇ ಬರೆಯುತ್ತಿದ್ದಳು, ತಡವಾದರೂ.

"ನಂಗ ಬರೀಲಿಕ್ಕ ಬರಂಗಿಲ್ಲ," ಎಂದಳು.

ನೇತ್ರಾ ತಾಯಿಯತ್ತ ನೋಡಿದಳು.

ಕ್ಲಾರ್ಕಿಗೆ ಮಾತು ತಿಳಿಯದಿದ್ದರೂ ಕಾಳವ್ವ ಆಡಿಸಿದ ತಲೆ ತಿಳಿಯಿತು. "ಮಗ ಅಂಗಠಾ ದ್ಯಾ," ಹಾಗಾದರೆ ಹೆಬ್ಬೆಟ್ಟು ಕೊಡಿ ಎಂದು ಮಸಿಯ ಡಬ್ಬಿ ತೆರೆದಿಟ್ಟ.

ಕಾಳವ್ವ ಎಡಗೈಯನ್ನು ಮುಷ್ಟಿ ಮಾಡಿ, ಹೆಬ್ಬೆಟ್ಟನ್ನು ಒಳಗೆ ಅಡಗಿಸಿ, ಎದೆಗೆ ಒತ್ತಿ ಹಿಡಿದಳು. "ತಕರಾರು ಅದ. ನಂದು ತಕರಾರು ಅದ. ನನ್ನ ಗಂಡನ್ನ ಕೊಟ್ಟೀನಿ, ನನ್ನ ಎದಿ ಕೊಟ್ಟೀನಿ. ಮಗಳ್ನ ಕೊಡಂಗಿಲ್ಲ. ಬರಕೋ! ತಕರಾರು ಅದ ಅಂತ ಬರಕೋ!"

ಆಫೀಸು ತಿರುಗಿ ನೋಡಿತು. ಕ್ಲಾರ್ಕು ಬೇಸರದಿಂದ ನೇತ್ರಾಳತ್ತ ನೋಡಿದ. "ಕಾಯ ಮ್ಹಣತೇ ತೀ?"

ಅವಳು ಏನು ಹೇಳುತ್ತಿದ್ದಾಳೆ ಎಂದು ಕೇಳಿದ. ಆ ಕೋಣೆಯಲ್ಲಿ ಕಾಳವ್ವನ ಮಾತು ತಿಳಿದದ್ದು ಒಬ್ಬಳಿಗೇ.

"ಕಾಹೀ ನಾಹೀ," ಎಂದಳು ನೇತ್ರಾ. ಏನೂ ಇಲ್ಲ.

ಆಮೇಲೆ ತಾಯಿಯ ಕೈ ಹಿಡಿದಳು. ಕಿರುಬೆರಳು ಮೊದಲು ಬಿಡಿಸಿದಳು. "ಬಿಡು ಅವ್ವಾ." ಉಂಗುರದ ಬೆರಳು ಬಿಡಿಸಿದಳು. "ನೀ ಎಲ್ಲಿ ಮಲಗ್ತಿ? ನಿಂಗ ಔಷಧಿ ಯಾರು ಕೊಡ್ತಾರ? ಬಿಡು." ಕಾಳವ್ವ ಜಗ್ಗಿದಳು. ಕೆಮ್ಮು ನುಗ್ಗಿ ಬಂತು. ಕೆಮ್ಮುವವರ ಮುಷ್ಟಿಯಲ್ಲಿ ಬಲ ಇರುವುದಿಲ್ಲ. ನೇತ್ರಾ ಹೆಬ್ಬೆಟ್ಟನ್ನು ಹೊರಗೆಳೆದು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದಳು.

ಗುರುತು ಮೂಡಲಿಲ್ಲ. ಕರಿ ಮುದ್ದೆ ಬಿತ್ತು, ಅಷ್ಟೇ. ಮತ್ತೊಮ್ಮೆ ಒತ್ತಿಸಿದರು. ಮತ್ತೂ ಮುದ್ದೆ. ಹದಿನಾರು ವರ್ಷದ ಕಸಬರಗಿ ಬೆರಳಿನ ಗೆರೆಗಳನ್ನೆಲ್ಲ ತಿಂದು ಹಾಕಿತ್ತು. ಕಾಳವ್ವ ಕೆಮ್ಮು ತಡೆದು ನೋಡಿದಳು. ಗೆರೆ ಇಲ್ಲ. ಗೆರೆ ಇಲ್ಲದ ಹೆಬ್ಬೆಟ್ಟು ಯಾರದ್ದೆಂದು ಹೇಗೆ ಹೇಳುತ್ತಾರೆ? ಕಾಗದ ನಡೆಯುವುದಿಲ್ಲ. ಸವೆದು ಹೋದ ಮೈ ಕಡೆಗೂ ಒಂದು ಕೆಲಸಕ್ಕೆ ಬಂತು ಎಂದುಕೊಂಡಳು.

ಕ್ಲಾರ್ಕು ಕಾಗದ ಎಳೆದುಕೊಂಡ. "ಚಾಲತಯ್," ಎಂದ. "ಕೋಣ ಬಘತಯ್ ಇಥೇ?"

ನಡೆಯುತ್ತದೆ. ಇಲ್ಲಿ ಯಾರು ನೋಡುತ್ತಾರೆ?

ಠಸ್ಸೆ ಬಿತ್ತು.

ನೇತ್ರಾ ಬ್ಯಾಗಿನೊಳಗೆ ಕೈ ಹಾಕಿ, ಸಿಕ್ಕಿದ ಕಾಗದ ತೆಗೆದು, ತಾಯಿಯ ಬೆರಳಿನ ಮಸಿ ಒರೆಸತೊಡಗಿದಳು. ಮೆಲ್ಲಗೆ ಒರೆಸಿದಳು, ಉಗುರಿನ ಸಂದಿಯನ್ನೂ ಬಿಡದೆ. ಮೂಲೆಯಲ್ಲಿ ಅಂಟಿಸಿದ್ದ ಫೋಟೊ ನೋಡಿದ ಮೇಲೆ ಕಾಳವ್ವನಿಗೆ ಅದು ಯಾವ ಕಾಗದ ಎಂದು ತಿಳಿಯಿತು. ಕೈ ಕಿತ್ತುಕೊಂಡಳು. ಅಷ್ಟರೊಳಗೆ ವಿಷಯದ ಖಾಲಿ ಜಾಗದ ತುಂಬ ಮಸಿ ಹಿಡಿದಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ ಇತ್ತು.

"ತಕರಾರು ಅದ," ಎಂದಳು ಕಾಳವ್ವ.

"ಸೋಮವಾರಿ, ಸಕಾಳೀ ಸಹಾ ವಾಜತಾ," ಎಂದ ಕ್ಲಾರ್ಕು, ನೇತ್ರಾಳನ್ನು ನೋಡಿ. ಸೋಮವಾರ, ಬೆಳಿಗ್ಗೆ ಆರು ಗಂಟೆ. ಆಮೇಲೆ ಮುಂದಿನ ಹೆಸರು ಕರೆದ.